ಭೂತಮ್ಮ ಹೆಣೆದ ಕರಡಿ ಸಂಚಿ

ದಂಡಿನಶಿವರದಲ್ಲಿ ನಮ್ಮ ಮನೆಗೂ ಭೂತಮ್ಮನ ಮನೆಗೂ ಒಂದೇ ಗೋಡೆ. ಅವಳ ಜಗಲಿಯ ತೊಲೆಯಿಂದ ಉದ್ದಕ್ಕೆ ಇಳಿಬಿಟ್ಟ, ತೊಟ್ಟಿಲು ಕಟ್ಟುವ ಕಬ್ಬಿಣದ ಕೊಕ್ಕೆಯೊಂದಿದೆ. ಮಗ ತಿಮ್ಮೇಶ ಅದರಲ್ಲಿ ತೂಗಿಸಿಕೊಂಡು ಬೆಳೆದ. ಅವನು ತೊಟ್ಟಿಲು ಬಿಟ್ಟ ಮೇಲೆ ಭೂತಮ್ಮ ಅದೇ ಕೊಕ್ಕೆಗೆ ತನ್ನ ಹಗ್ಗಗಳನ್ನು ನೇತುಹಾಕತೊಡಗಿದಳು.

ಕಟ್ಟೆಯ ನೀರಿನಲ್ಲಿ ತಿಂಗಳುಗಟ್ಟಲೆ ನೆನೆದ ತೆಂಗಿನ ಸಿಪ್ಪೆಯನ್ನು ಬಡಿದು, ನಾರು ಬಿಡಿಸಿ, ಮೂರೆಳೆ ಹೊಸೆದು ಮೂವತ್ತು ವರ್ಷ ಹಗ್ಗ ಮಾಡಿದವಳು ಅವಳು. ಸೇದುವ ಹಗ್ಗವಾಗಲಿ, ಕರುವಿನ ಕೊರಳಿಗೆ ಕಟ್ಟುವ ಕಣ್ಣಿಯಾಗಲಿ, ಅದರ ತುದಿಗೆ ನೀರು ತುಂಬಿದ ಬಿಂದಿಗೆ ಕಟ್ಟಿ ಕೊಕ್ಕೆಗೆ ತೂಗುಹಾಕುತ್ತಿದ್ದಳು. ಒಂದು ಸಲ ಎಲೆಅಡಿಕೆ ಜಗಿದು ಮುಗಿಯುವ ತನಕ ಬಿಂದಿಗೆ ನೆಲ ಮುಟ್ಟದಿದ್ದರೆ ಮಾತ್ರ ಆ ಹಗ್ಗ ಮನೆಯಿಂದ ಆಚೆ ಹೋಗುತ್ತಿತ್ತು. ಭೂತಮ್ಮನ ಹಗ್ಗ ಕಿತ್ತೋಗಲ್ಲ ಅನ್ನುವುದು ಸುತ್ತಲ ಊರುಗಳಲ್ಲಿ ಮಾತಾಗಿತ್ತು.

ಮೂರು ವರ್ಷದ ಹಿಂದೆ ಆ ಮಾತೇ ಅವಳನ್ನು ಹುಡುಕಿಕೊಂಡು ಬಂತು. ಮೇಲಿನ ಬೀದಿಯ ಶಂಭುಲಿಂಗಯ್ಯ ಅವಳಿಂದ ಒಯ್ದ ಹೊಸ ಕಣ್ಣಿಯಲ್ಲಿ ಎಳೆಗರುವನ್ನು ಕೆರೆ ಏರಿಯ ಮೇಲಿನ ಮರಕ್ಕೆ ಕಟ್ಟಿ ತೋಟಕ್ಕೆ ಹೋಗಿದ್ದ. ಕರು ಹುಲ್ಲಿನ ಆಸೆಗೆ ಇಳಿಜಾರಿಗೆ ಕಾಲಿಟ್ಟು ಜಾರಿತು. ಕಣ್ಣಿ ಸಡಿಲಲಿಲ್ಲ, ಹರಿಯಲಿಲ್ಲ. ಅವನು ತಿರುಗಿ ಬಂದಾಗ ಕರುವಿನ ಹಿಂಗಾಲು ನೆಲದಿಂದ ಒಂದು ಗೇಣು ಮೇಲಿತ್ತಂತೆ.

ಅವನು ಬೈಯಲಿಲ್ಲ. ಕಣ್ಣಿಯನ್ನು ಸುತ್ತಿ ತಂದು ಜಗಲಿ ಮೇಲಿಟ್ಟ. "ಹಗ್ಗಕ್ಕೇನೂ ಆಗಿಲ್ಲ ಕಣಮ್ಮ. ಎತ್ತಿಟ್ಕೋ, ಯಾರಿಗಾದ್ರೂ ಆಯ್ತದೆ" ಅಂದ.

ಆಮೇಲೆ ಭೂತಮ್ಮ ಹಗ್ಗ ಹೊಸೆಯಲಿಲ್ಲ.

ಕೆಲಸವಿಲ್ಲದ ಕೈಗಳು ಸುಮ್ಮನಿರುತ್ತಿರಲಿಲ್ಲ. ಮಾತಾಡುವಾಗ ಸೆರಗಿನ ತುದಿಯನ್ನು ಹೊಸೆಯುತ್ತಿದ್ದವು. ನಾನು ತುರುವೇಕೆರೆಯ ಕಾಲೇಜಿನಿಂದ ಬಂದು ಸಂಜೆ ಜಗಲಿಯಲ್ಲಿ ಕ್ರೋಶಾ ಕಡ್ಡಿ ಹಿಡಿದು ಫೋನ್ ನೋಡಿ ಉಲ್ಲನ್ ಹೆಣೆಯಲು ಕಲಿಯುತ್ತಿದ್ದಾಗ ಅವಳು ಬಂದು ಪಕ್ಕದಲ್ಲಿ ಕೂತಳು. ಫೋನಿನಲ್ಲಿ ಯಾವುದೋ ಹುಡುಗಿ, ಮೊದಲ ಸಲ ಕಡ್ಡಿ ಹಿಡಿಯುವವರಿಗೆಂದು, ಕರಡಿ ಮುಖದ ಪುಟ್ಟ ಸಂಚಿ ಹೆಣೆಯುತ್ತಿದ್ದಳು. ಬಾಯಿಗೆ ದಾರ ಪೋಣಿಸಿ ಎಳೆದರೆ ಮುಚ್ಚಿಕೊಳ್ಳುವಂಥದ್ದು.

"ನಯನ, ಇದೇನವ್ವ, ಕರಡಿ ತಲೆ?"

"ಮಕ್ಕಳಿಗೆ ಅಜ್ಜಿ. ಮುದ್ದಾಗಿಲ್ವಾ?"

"ನಾನು ಚಿಕ್ಕೋಳಿದ್ದಾಗ ಚಿಕ್ಕನಾಯಕನಹಳ್ಳಿ ಕಡೆ ಗುಡ್ಡದಲ್ಲಿ ನಿಜವಾದ ಕರಡಿ ನೋಡಿದೀನಿ. ಅದುನ್ನ ಕಂಡೋರ್ಯಾರೂ ಮುದ್ದು ಅನ್ನಲ್ಲ ಬುಡು." ನಗುತ್ತಲೇ ಕೈ ಚಾಚಿದಳು. "ಎಲ್ಲಿ, ಕೊಡು ಇಲ್ಲಿ."

ಮೊದಲ ಸುತ್ತಿಗೆ ಆರು ಹೊಲಿಗೆ, ಎರಡನೆಯದಕ್ಕೆ ಹನ್ನೆರಡು, ಮೂರನೆಯದಕ್ಕೆ ಹದಿನೆಂಟು. ಅಂಗೈ ಅಗಲವಾದ ಮೇಲೆ ಹೊಲಿಗೆ ಹೆಚ್ಚಿಸುವುದನ್ನು ನಿಲ್ಲಿಸಬೇಕು, ಆಗ ಅಂಚು ತಾನಾಗಿ ಮೇಲೇಳುತ್ತದೆ. ನನಗೆ ಹದಿನೈದು ದಿನ ಹಿಡಿದದ್ದು ಅವಳಿಗೆ ಎರಡು ಸಂಜೆಯಲ್ಲಿ ಬಂತು. ಕಂದು ಉಲ್ಲನ್ನಿನ ಸಂಚಿಗೆ ಎರಡು ಕಿವಿ ಬಂದವು, ಹಳೇ ಅಂಗಿಯ ಗುಂಡಿಗಳು ಕಣ್ಣಾದವು. ಒಂದು ಗುಂಡಿ ಕಪ್ಪು, ಇನ್ನೊಂದು ನೀಲಿ.

"ಇದು ಯಾರನ್ನೂ ಏನೂ ಮಾಡಲ್ಲ" ಅಂದಳು ಉಲ್ಲನ್ ಉಂಡೆಯನ್ನು ಹಿಚುಕುತ್ತಾ. ಯಾರಿಗೆ ಹೇಳಿದಳೋ ತಿಳಿಯಲಿಲ್ಲ.

ಸಂಚಿ ಮೊಮ್ಮಗಳು ಮಧುಶ್ರೀಗೆ. ನಾಲ್ಕು ವರ್ಷದ ಮಧು ಅಂಗನವಾಡಿಗೆ ಹೋಗುವಾಗ ಹುರಿಗಡಲೆ, ಕೊಬ್ಬರಿ ಚೂರು ಇಟ್ಟುಕೊಳ್ಳಲು ಅಜ್ಜಿಯ ಎಲೆಅಡಿಕೆ ಸಂಚಿಯನ್ನೇ ಕೇಳಿ ಅಳುತ್ತಿದ್ದಳು. ಅಜ್ಜಿ ತನ್ನದನ್ನು ಸೊಂಟಕ್ಕೆ ಸಿಕ್ಕಿಸುತ್ತಾಳೆ. ಫ್ರಾಕು ಹಾಕುವ ಹುಡುಗಿಗೆ ಸೊಂಟದಲ್ಲಿ ಸಿಕ್ಕಿಸಲು ಜಾಗವಿಲ್ಲ. ಹಾಗಾಗಿ ಮಧು ಅದನ್ನು ಕೊರಳಿಗೆ ಹಾಕಿಕೊಂಡಳು.

ದಾರಕ್ಕೆ ಫೋನಿನ ಹುಡುಗಿ ಉಲ್ಲನ್ನಿನಲ್ಲೇ ಹೆಣೆದ ಒಂದೆಳೆಯ ತೆಳು ಚೈನು ಹಾಕಿದ್ದಳು. ಭೂತಮ್ಮ ಅದನ್ನು ಮಾಡಿ, ಎರಡು ಕೈಯಲ್ಲಿ ಎಳೆದು ನೋಡಿ, ಮೂಗು ಮುರಿದಳು. "ಇದು ಹಿಗ್ಗುತ್ತೆ ಕಣೇ. ಇದೂ ಒಂದು ದಾರನಾ?" ಮೂರು ಚೈನು ಹಾಕಿ ಒಂದಕ್ಕೊಂದು ಹೊಸೆದಳು. ನಡುವೆ ಕೊಬ್ಬರಿ ಚೀಲ ಹೊಲಿಯುವ ನೈಲಾನ್ ದಾರ ಸೇರಿಸಿದಳು. ಹೊರಗಿನಿಂದ ನೋಡಿದರೆ ಮೆತ್ತನೆಯ ಉಲ್ಲನ್ನು. ತುದಿಗೆ ಅವಳದೇ ಗಂಟು, ಎಳೆದಷ್ಟೂ ಬಿಗಿಯಾಗುವಂಥದ್ದು.

ಆ ಗಂಟು ಹಾಕುವಾಗ ನಾನು ನೋಡುತ್ತಿದ್ದೆ. ಇಷ್ಟು ಗಟ್ಟಿ ಯಾಕಜ್ಜಿ ಅನ್ನಬೇಕೆಂದುಕೊಂಡೆ. ಮೂರು ವರ್ಷದ ಮೇಲೆ ಅವಳ ಮುಖದಲ್ಲಿ ಕೆಲಸ ಮುಗಿಸಿದ ಬೆಳಕಿತ್ತು. ಸುಮ್ಮನಾದೆ.

ಮುಂದಿನ ವಾರ ಅಂಗನವಾಡಿ ಗೇಟಿನ ಚಿಲಕಕ್ಕೆ ಆ ದಾರ ಸಿಕ್ಕಿತು. ಓಡುತ್ತಿದ್ದ ಮಧು ಹಿಂದಕ್ಕೆ ಎಳೆಸಿಕೊಂಡು ಕೂತುಬಿಟ್ಟಳು. ಸೊಸೆ ಸಿಂಧು ಮನೆಗೆ ಬಂದು ನಗುತ್ತಾ ಹೇಳಿದಳು. "ಅತ್ತೆ, ನಿಮ್ಮ ಮೊಮ್ಮಗಳು ಕಿತ್ತೋಗ್ತಾಳೆ, ನಿಮ್ಮ ದಾರ ಕಿತ್ತೋಗಲ್ಲ."

"ಮತ್ತೆ? ನಾನೇನು ಅಂಗಡಿ ಮಾಲು ಮಾಡ್ತೀನಾ?" ಅಂದಳು ಭೂತಮ್ಮ. ಎಲ್ಲರೂ ನಕ್ಕೆವು. ಮಧು ಕತ್ತು ಉಜ್ಜಿಕೊಳ್ಳುತ್ತಾ ತಾನೂ ನಕ್ಕಳು. ಕೊರಳಲ್ಲಿ ಕರಡಿ ಒಂದು ಕಪ್ಪು, ಒಂದು ನೀಲಿ ಕಣ್ಣಿನಿಂದ ನಮ್ಮನ್ನು ನೋಡುತ್ತಿತ್ತು.

ಅಂಗನವಾಡಿಯ ತಾಯಂದಿರು ಇನ್ನೂ ಐದು ಸಂಚಿ ಬೇಕೆಂದರು. ಭೂತಮ್ಮ ಐದೂ ದಾರಗಳನ್ನು ಮೊದಲೇ ಹೊಸೆದಿಟ್ಟಳು.

ಅಟ್ಟದಿಂದ ಕಾಯಿ ಇಳಿಸುವ ದಿನ ಬಂತು. ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತ ಕಾಯಿಯೊಳಗೆ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿರುತ್ತದೆ. ಅಲ್ಲಾಡಿಸಿದರೆ ಒಳಗಿನಿಂದ ಗುಡುಗುಡು ಅನ್ನುತ್ತದೆ. ಬೆಳಗಿನಿಂದ ತಿಮ್ಮೇಶ ಮತ್ತು ಕೂಲಿಗೆ ಬಂದ ಆಂಜನಪ್ಪ ಕಾಯಿ ಉರುಳಿಸುತ್ತಿದ್ದರು. ಆ ಸದ್ದು ನಮ್ಮ ತಲೆಯ ಮೇಲೆ ಹೋಗುತ್ತಾ ಬರುತ್ತಾ ಇತ್ತು. ಜಗಲಿಯಲ್ಲಿ ನಾನು ಹೊಸ ಸಂಚಿಗೆ ಕಣ್ಣು ಹೊಲಿಯುತ್ತಿದ್ದೆ. ಭೂತಮ್ಮ ಒಂದು ಹೊಸ ದಾರವನ್ನು ಕೊಕ್ಕೆಗೆ ಹಾಕಿ ಬಿಂದಿಗೆ ಕಟ್ಟಿದಳು.

"ಯಾಕಜ್ಜಿ, ಇಡೋದು ಹುರಿಗಡಲೆ ತಾನೆ?"

"ಕೈ ಕೇಳಲ್ಲ ಕಣವ್ವ. ಇದೊಂದು ನೋಡ್ಬುಡ್ತೀನಿ." ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡಳು.

ಬಿಂದಿಗೆ ಒಂದು ಕಡೆಗೆ ನಿಧಾನ ತಿರುಗಿತು, ನಿಂತಿತು, ಮತ್ತೆ ಈ ಕಡೆಗೆ ತಿರುಗಿತು. ಅದರ ತಳಕ್ಕೂ ನೆಲಕ್ಕೂ ಒಂದು ಗೇಣು. ಭೂತಮ್ಮ ಮೊದಲು ಅದನ್ನು ಮೆಚ್ಚಿಕೊಂಡೇ ನೋಡುತ್ತಿದ್ದಳು. ಆಮೇಲೆ ಜಗಿಯುವುದು ನಿಂತಿತು. ನೋಟ ಬಿಂದಿಗೆಯಿಂದ ಇಳಿದು ಆ ಒಂದು ಗೇಣು ಖಾಲಿ ಜಾಗದ ಮೇಲೆ ನಿಂತಿತು.

"ಮಧು ಎಲ್ಲಿ?"

"ಒಳಗೇ ಇದ್ಳಲ್ಲ ಅಜ್ಜಿ."

ಅಟ್ಟದ ಸದ್ದು ಯಾವಾಗ ನಿಂತಿತೋ ನಾವು ಗಮನಿಸಿರಲಿಲ್ಲ. ತಿಮ್ಮೇಶ, ಆಂಜನಪ್ಪ ಕಾಫಿಗೆಂದು ಹಿತ್ತಿಲಿಗೆ ಹೋಗಿದ್ದರು. ಸಿಂಧು ಅವರಿಗೆ ಲೋಟ ಕೊಡುತ್ತಿದ್ದಳು. ಮನೆ ಪೂರಾ ನಿಶ್ಶಬ್ದವಾಗಿತ್ತು.

ಅರವತ್ತು ದಾಟಿದ ಭೂತಮ್ಮ ಓಡಿದ್ದನ್ನು ನಾನು ಮೊದಲ ಸಲ ಕಂಡೆ.

ಅವರ ಅಟ್ಟದ ಏಣಿ ಒಂಟಿ ಬಿದಿರಿನದು. ಗಿಣ್ಣು ಗಿಣ್ಣಿಗೆ ಕಾಲಿಡಲು ಕೊಂಬೆ ಕಡಿದ ಮೋಟು ಬಿಟ್ಟಿರುತ್ತಾರೆ. ಅದರ ಅರ್ಧದಲ್ಲಿ ಮಧು ಒಂದೇ ಕಾಲಿನ ತುದಿಬೆರಳ ಮೇಲೆ ನಿಂತಿದ್ದಳು. ಇನ್ನೊಂದು ಕಾಲು ಗಾಳಿಯಲ್ಲಿ ಮೋಟು ಹುಡುಕುತ್ತಿತ್ತು. ಕೊರಳಿನ ದಾರ ತಲೆಯ ಮೇಲಿನ ಮೋಟಿನ ಸೀಳಿನಲ್ಲಿ ಕಚ್ಚಿಕೊಂಡು ನೆಟ್ಟಗೆ ಎಳೆದು ನಿಂತಿತ್ತು. ಅವಳು ಅಳುತ್ತಿರಲಿಲ್ಲ. ಎರಡು ಕೈಯಲ್ಲಿ ದಾರ ಹಿಡಿದು ನಮ್ಮನ್ನೇ ನೋಡುತ್ತಿದ್ದಳು.

"ಅಲ್ಲಾಡಬೇಡ ನನ್ನವ್ವ. ಅಲ್ಲಾಡಬೇಡ." ಭೂತಮ್ಮನ ದನಿ ಬೆದರಿದ ಕರುವಿನ ಹತ್ತಿರ ಹೋಗುವವರ ದನಿಯಂತೆ ತಗ್ಗಿತ್ತು. ಎರಡು ಮೋಟು ಹತ್ತಿ, ಮಗುವಿನ ಭಾರವನ್ನು ಹೆಗಲಿಗೆ ತೆಗೆದುಕೊಂಡಳು. ಕತ್ತಿನ ಹತ್ತಿರ ಗಂಟು ಹುಡುಕಿದಳು. ಅದು ಎಳೆದಷ್ಟೂ ಬಿಗಿದಿತ್ತು. ಅವಳದೇ ಬೆರಳುಗಳಿಗೆ ಬಿಚ್ಚಲಾಗಲಿಲ್ಲ. ಹಲ್ಲಿನಿಂದ ಕಚ್ಚಿದಳು. ಉಲ್ಲನ್ ಹರಿದು ಒಳಗಿನ ನೈಲಾನ್ ಬೆಳ್ಳಗೆ ಕಂಡಿತು.

"ನಯನ, ಮಚ್ಚು."

ಕಾಯಿ ರಾಶಿಯ ಮೇಲಿದ್ದ ಮಚ್ಚನ್ನು ಹಿಡಿ ಮುಂದೆ ಮಾಡಿ ಕೊಟ್ಟೆ. ಅವಳು ಮಗುವಿನ ಕೊರಳಿಗೂ ದಾರಕ್ಕೂ ನಡುವೆ ತನ್ನ ಎಡಗೈಯ ಎರಡು ಬೆರಳು ತೂರಿಸಿ, ದಾರದ ಮೇಲೆ ಮಚ್ಚಿನ ಅಲಗು ಇಟ್ಟು ಉಜ್ಜಿದಳು. ಒಂದು ಸಲ. ಇನ್ನೊಂದು ಸಲ. ದಾರಕ್ಕೆ ಮುಂಚೆ ಬೆರಳುಗಳು ಆಳಕ್ಕೆ ಕೊಯ್ದುಹೋದವು. ಆಮೇಲೆ ದಾರ ತುಂಡಾಯಿತು.

ಮಧು ಅಜ್ಜಿಯ ಹೆಗಲ ಮೇಲೆ ಉಸಿರೆಳೆದುಕೊಂಡು ಅತ್ತಳು. ಅಳು ಕೇಳಿ ಹಿತ್ತಿಲಿಂದ ಎಲ್ಲರೂ ಬಂದರು.

"ಏನಾಯ್ತವ್ವ?" ಅಂದ ತಿಮ್ಮೇಶ.

"ನನ್ನ ಹಗ್ಗ" ಅಂದಳು ಭೂತಮ್ಮ.

ಡಾಕ್ಟರು ಭೂತಮ್ಮನ ಬೆರಳುಗಳಿಗೆ ಹೊಲಿಗೆ ಹಾಕಿ, ಮಗುವಿಗೆ ಏನೂ ಆಗಿಲ್ಲ ಅಂದರು. ಮಧುವಿನ ಕೊರಳ ಸುತ್ತ ಕೆಂಪು ಗೀರು ಮಾತ್ರ ಉಳಿದಿತ್ತು. ಮನೆಗೆ ಬಂದಾಗ ಜಗಲಿಯ ಬಿಂದಿಗೆ ಇನ್ನೂ ಹಾಗೇ ತೂಗುತ್ತಿತ್ತು. ಯಾರೂ ಬೈಯಲಿಲ್ಲ. ಸಿಂಧು ಏಣಿಯ ಬುಡದಲ್ಲಿ ಬಿದ್ದಿದ್ದ ಕರಡಿಯನ್ನು ಹುಡುಕಿ ತಂದು, ಅತ್ತೆಯನ್ನು ಸಮಾಧಾನ ಮಾಡಲೆಂದೇ ಹೇಳಿದಳು. "ಸಂಚಿಗೇನೂ ಆಗಿಲ್ಲ ಅತ್ತೆ. ಎತ್ತಿಟ್ಕೊಳ್ಳಿ."

ಭೂತಮ್ಮ ಅದನ್ನು ಈಸಿಕೊಂಡು ಒಳಗೆ ಪೆಟ್ಟಿಗೆಗೆ ಹಾಕಿದಳು. ಐದು ದಾರಗಳೂ ಅವತ್ತೇ ಒಲೆಗೆ ಹೋದವು. ನೈಲಾನ್ ಸುಟ್ಟ ವಾಸನೆ ನಮ್ಮ ಮನೆಯವರೆಗೂ ಬಂತು.

ಅವಳು ಇನ್ನು ಕಡ್ಡಿ ಮುಟ್ಟುವುದಿಲ್ಲವೆಂದುಕೊಂಡಿದ್ದೆ. ಆದರೆ ಮಧು ಬಿಡಲಿಲ್ಲ. ನನ್ನ ಕರಡಿ ಎಲ್ಲಿ, ನನ್ನ ಕರಡಿ ಎಲ್ಲಿ ಎಂದು ದಿನವೂ ಕಾಡಿದಳು. ಇಪ್ಪತ್ತು ದಿನದ ಮೇಲೆ ಒಂದು ಮಧ್ಯಾಹ್ನ ಭೂತಮ್ಮ ಬಂದು ನನ್ನ ಪಕ್ಕ ಕೂತು, ಆ ಹುಡುಗಿ ಹಾಕಿದ ತೆಳು ಚೈನನ್ನು ಮತ್ತೊಮ್ಮೆ ತೋರಿಸು ಅಂದಳು. ಹೆಣೆದ ಮೇಲೆ ತುದಿಗಳಿಗೆ ಗಂಟು ಹಾಕಲಿಲ್ಲ. ಬಟ್ಟೆ ಹೊಲಿಯುವ ಒಂದೇ ಎಳೆ ದಾರದಿಂದ ಎರಡನ್ನೂ ತಾಗಿಸಿ ಹೊಲಿದಳು. ಬಿಂದಿಗೆ ತರಲಿಲ್ಲ. ಸಿಪ್ಪೆ ಸುಲಿಯದ ಒಂದು ಕಾಯಿ ಕಟ್ಟಿ, ಕೊಕ್ಕೆಗೆ ಹಾಕಿ ಕೈ ಬಿಟ್ಟಳು.

ಕಾಯಿ ಧಪ್ಪನೆ ಬಿದ್ದು ಅಂಗಳಕ್ಕೆ ಉರುಳಿತು.

"ಅಜ್ಜಿ, ನಿನ್ನ ದಾರ ಕಿತ್ತೋಯ್ತು" ಅಂದಳು ಮಧು, ಬೇಜಾರಿನಲ್ಲಿ.

"ಹೂಂ ಕಣವ್ವ." ಭೂತಮ್ಮ ತುದಿಗಳನ್ನು ಆರಿಸಿಕೊಂಡು ಸೂಜಿಗೆ ಮತ್ತೆ ಒಂದೆಳೆ ಪೋಣಿಸಿದಳು. ಎಡಗೈಯ ಆ ಎರಡು ಬೆರಳು ಈಗ ಪೂರಾ ಮಡಚುವುದಿಲ್ಲ.

ಮಧು ಸಂಚಿ ಹಾಕಿಕೊಂಡು ಆಡಲು ಹೋದಳು. ಸ್ವಲ್ಪ ಹೊತ್ತಿಗೆ ತೋಟದಲ್ಲಿ ಎಲ್ಲೋ ಒಂದು ಕಾಯಿ ಬಿದ್ದ ಸದ್ದಾಯಿತು. ಈ ಸೀಮೆಯಲ್ಲಿ ದಿನಕ್ಕೆ ನೂರು ಸಲ ಕೇಳುವ ಸದ್ದು, ಯಾರೂ ತಲೆ ಎತ್ತುವುದಿಲ್ಲ.

ಭೂತಮ್ಮ ಸೂಜಿ ಕೆಳಗಿಟ್ಟಳು.

"ಮಧು ಎಲ್ಲಿ?" ಅಂದಳು.