ಶಾಲು ಹೊದ್ದು ಹೇಳಿದ ಮಾತು

ನನ್ನ ದನಿ ದೊಡ್ಡದು. ಧಾರವಾಡದಲ್ಲಿದ್ದಾಗ ಅದು ಯಾರಿಗೂ ದೊಡ್ಡದೆನಿಸಿರಲಿಲ್ಲ, ನಮ್ಮ ಓಣಿಯಲ್ಲಿ ಎಲ್ಲರೂ ಹಾಗೆಯೇ ಮಾತಾಡುತ್ತಿದ್ದರು. ಕೆನಡಾದ ಮಿಸಿಸಾಗದಲ್ಲಿರುವ ಅಣ್ಣನ ಮನೆಗೆ ಬಂದ ಮೇಲೆ, ನಾನು ಬಾಯಿ ತೆರೆದಾಗಲೆಲ್ಲ ಅತ್ತಿಗೆ ಹೋಗಿ ಕಿಟಕಿ ಮುಚ್ಚುತ್ತಿದ್ದರು. ಪಕ್ಕದ ಮನೆಯವರು ಜಗಳವೆಂದು ತಿಳಿದಾರು ಎಂಬ ಹೆದರಿಕೆ ಅವರಿಗೆ. ಈಗ ಅದೇ ದನಿಗೆ ನನಗೆ ಸಂಬಳ ಬರುತ್ತದೆ. ಇದೇ ಊರಿನ ಮೆಡೋವೇಲ್ ಬಡಾವಣೆಯ ಒಂದು ಸ್ಕೂಲ್ ಬಸ್ ಕಂಪನಿಯಲ್ಲಿ ಬೆಳಗಿನ ಶಿಫ್ಟಿನ ಡಿಸ್ಪ್ಯಾಚರ್ ನಾನು. ರೇಡಿಯೋ ಮುಂದೆ ಕೂತು, ಯಾವ ಬಸ್ಸು ಎಲ್ಲಿ ಸಿಕ್ಕಿಕೊಂಡಿದೆ, ಯಾವ ಡ್ರೈವರ್ ಬಂದಿಲ್ಲ, ಯಾರ ಮಗು ತಪ್ಪು ಸ್ಟಾಪಿನಲ್ಲಿ ಅಳುತ್ತ ನಿಂತಿದೆ ಎಂದು ನೋಡಿಕೊಳ್ಳುವ ಕೆಲಸ. ಹಿಮ ಬಿದ್ದ ಬೆಳಿಗ್ಗೆ ಡ್ರೈವರುಗಳೆಲ್ಲ ಒಟ್ಟಿಗೇ ಕೂಗಾಡುತ್ತಾರೆ. ನಾನು ಒಂದು ಸಲ ಗದರಿದರೆ ರೇಡಿಯೋ ತಣ್ಣಗಾಗುತ್ತದೆ.

ಈ ಸಂಬಳದ ಜೊತೆಗೆ ಅಂಗವಿಕಲರಿಗೆಂದು ಸರಕಾರ ಕೊಡುವ ಭತ್ಯೆಯೂ ನನಗೆ ಬರುತ್ತದೆ. ಎರಡನ್ನೂ ಒಟ್ಟಿಗೇ ಹೇಳುತ್ತಿದ್ದೇನೆ, ಏಕೆಂದರೆ ಎರಡೂ ಒಟ್ಟಿಗೆ ಇರಬಹುದೆಂದು ನಮ್ಮ ಜನ ಒಪ್ಪುವುದೇ ಇಲ್ಲ.

ನನ್ನದು ನರಗಳ ಕಾಯಿಲೆ. ಎಂ.ಎಸ್. ಎನ್ನುತ್ತಾರೆ. ಮೊದಲು ಎಡಗಾಲು ಜೋಮು ಹಿಡಿದು ಬಿಡಲೇ ಇಲ್ಲ, ಆಮೇಲೆ ಕಣ್ಣು ಮಂಜಾಯಿತು, ಅದು ಹೋಯಿತು, ಮತ್ತೆ ಬಂತು. ಇದು ಹೇಳಿ ಕೇಳಿ ಬರುವ ಕಾಯಿಲೆಯಲ್ಲ. ಕೆಲವು ತಿಂಗಳು ಕೋಲು ಹಿಡಿದು ಎಲ್ಲಿ ಬೇಕಾದರೂ ಓಡಾಡುತ್ತೇನೆ, ಕೆಲವು ವಾರ ಹಾಸಿಗೆಯಿಂದ ಬಚ್ಚಲಿಗೆ ಹೋಗುವುದೇ ದೊಡ್ಡ ಪ್ರಯಾಣ. ಮೈ ಬಿಸಿಯಾದರಂತೂ ಮುಗಿಯಿತು, ಎಡಗಾಲು ಮುಷ್ಕರ ಹೂಡುತ್ತದೆ. ಮೊದಲು ಬ್ಯಾಂಕೊಂದರ ಆಫೀಸಿನಲ್ಲಿ ದಿನವಿಡೀ ಕೆಲಸ ಮಾಡುತ್ತಿದ್ದೆ. ಅದನ್ನು ಬಿಡಬೇಕಾಯಿತು. ಬಿಟ್ಟ ದಿನ ಕೋಪದಲ್ಲಿ ನನ್ನ ಕಾಲಿಗೆ ನಾನೇ ಹೊಡೆದುಕೊಂಡೆ. ಅದಕ್ಕೆ ಗೊತ್ತೂ ಆಗಲಿಲ್ಲ.

ಭತ್ಯೆಗೆ ಅರ್ಜಿ ಹಾಕುತ್ತೇನೆ ಎಂದಾಗ ಅಣ್ಣ ಊಟದ ತಟ್ಟೆ ಸರಿಸಿ ಕೂತ. ಅವನು ಸಾಫ್ಟ್‌ವೇರ್‌ನವನು. ನನಗೆ ಬೇಸ್‌ಮೆಂಟಿನಲ್ಲಿ ಜಾಗ ಕೊಟ್ಟವನು, ಮನಸ್ಸು ಬೆಣ್ಣೆ. ಆದರೆ ಮಂದಿ ಏನೆಂದಾರು ಎಂಬುದೊಂದು ಅವನ ತಲೆಯಲ್ಲಿ ಸದಾ ಗುಂಯ್‌ಗುಡುತ್ತಿರುತ್ತದೆ.

"ನಾ ಸತ್ತೇನೇನು? ನಾ ಇರೂತನಕ ನೀ ಯಾಕ ಸರಕಾರದ ಮುಂದ ಕೈ ಒಡ್ಡಬೇಕು?"

"ನಿನ್ನ ಮುಂದ ಕೈ ಒಡ್ಡಿದರ ಅದು ಕೈ ಒಡ್ಡಿದಂಗ ಅಲ್ಲೇನು?" ಎಂದೆ.

"ಮೆಲ್ಲಕ ಮಾತಾಡು" ಎಂದ. ಅವನಿಗೆ ಉತ್ತರ ಸಿಗದಿದ್ದಾಗೆಲ್ಲ ಹೇಳುವ ಮಾತು ಅದು.

ಆದರೂ ಭತ್ಯೆಯ ಆಫೀಸಿಗೆ ಕರೆದುಕೊಂಡು ಹೋದವನು ಅವನೇ. ಪ್ರತಿ ಸಲ ಕಾರಿನಲ್ಲಿ ಬಿಟ್ಟ, ಪ್ರತಿ ಸಲ ಕಾರಿನಲ್ಲೇ ಕಾದ. ಒಂದು ದಿನವೂ ಒಳಗೆ ಕಾಲಿಡಲಿಲ್ಲ. ಹೊರಗೆ ಎಷ್ಟೇ ಚಳಿಯಿದ್ದರೂ ಸೀಟು ಹಿಂದಕ್ಕೆ ಬಾಗಿಸಿ, ಟೋಪಿ ಮುಖದ ಮೇಲೆ ಎಳೆದುಕೊಂಡು ಮಲಗಿರುತ್ತಿದ್ದ. ಗುರುತಿನವರು ಯಾರಾದರೂ ಕಂಡುಬಿಟ್ಟರೆ ಎಂದು.

ಒಳಗೆ ನಾನು ಕಲಿತದ್ದು ಬಹಳ. ನನ್ನ ಅರ್ಜಿ ನೋಡಿಕೊಳ್ಳುವ ಕೇಸ್‌ವರ್ಕರ್ ಒಬ್ಬ ವಯಸ್ಸಾದ ಹೆಂಗಸು, ಸಿಡುಕಿ, ಆದರೆ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುವವಳು. ನಾನು ದುಡಿಯಬಹುದೇ ಎಂದು ಅಂಜುತ್ತ ಕೇಳಿದಾಗ ಅವಳು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಖಂಡಿತ, ಅದಕ್ಕೇ ಈ ನಿಯಮಗಳಿರುವುದು ಎಂದಳು. ತಿಂಗಳಿಗೆ ಇಷ್ಟು ಎಂಬ ಒಂದು ಮಿತಿಯಿದೆ, ಅಲ್ಲಿಯವರೆಗೆ ದುಡಿದರೆ ಭತ್ಯೆಯನ್ನು ಮುಟ್ಟುವುದಿಲ್ಲ. ಮಿತಿ ದಾಟಿದರೆ, ದಾಟಿದ್ದರಲ್ಲಿ ದೊಡ್ಡ ಪಾಲು ಹಿಡಿಯುತ್ತಾರೆ, ಪೂರ್ತಿ ಅಲ್ಲ. ಕೆಲಸ ಮಾಡಿದ ತಿಂಗಳು ಓಡಾಟದ ಖರ್ಚಿಗೆಂದು ಸ್ವಲ್ಪ ಮೇಲೆಯೇ ಕೊಡುತ್ತಾರೆ. ಸಂಬಳ ಜಾಸ್ತಿಯಾಗಿ ಭತ್ಯೆ ನಿಂತರೂ ಔಷಧಿಯ ಕಾರ್ಡು ಕೂಡಲೇ ಹೋಗುವುದಿಲ್ಲ. ಮುಂದೆ ಮೈ ಕೈಕೊಟ್ಟು ಕೆಲಸ ಬಿಟ್ಟರೆ, ಮೊದಲಿನಿಂದ ರೋಗ ಸಾಬೀತು ಮಾಡುವ ರಗಳೆಯಿಲ್ಲದೆ ವಾಪಸು ಸೇರಿಸಿಕೊಳ್ಳುತ್ತಾರೆ. ಮಾಡಬೇಕಾದದ್ದು ಒಂದೇ, ದುಡಿದದ್ದನ್ನು ಮುಚ್ಚಿಡದೆ ತಿಂಗಳು ತಿಂಗಳು ತಿಳಿಸುವುದು. ಅಂದು ಕಾರಿಗೆ ಬಂದು ಅಣ್ಣನಿಗೆ ಇದನ್ನೆಲ್ಲ ಖುಷಿಯಿಂದ ಹೇಳಿದೆ. ಅವನು ಕಿಟಕಿಯ ಗಾಜು ಏರಿಸಿದ.

ಮುಚ್ಚಿಡುವುದಕ್ಕೆ ಸಲಹೆ ಕೊಟ್ಟವರು ಮಾತ್ರ ತುಂಬ ಜನ. ಊಟದ ಆರ್ಡರ್ ಹಿಡಿಯುವ ನಮ್ಮವರೇ ಒಬ್ಬರು, ರೊಟ್ಟಿ ಬಡಿಯಲು ಬಾ, ಕ್ಯಾಶ್ ಕೊಡುತ್ತೇನೆ, ಸರಕಾರಕ್ಕೆ ಗೊತ್ತೇ ಆಗುವುದಿಲ್ಲ ಎಂದರು. ಉಪಕಾರ ಮಾಡುವವರ ಮುಖವಿತ್ತು ಅವರದು. ನನಗೆ ಮೈ ಉರಿಯಿತು. ದುಡಿಯಲು ಹಕ್ಕಿದೆ ಎಂದು ಸರಕಾರವೇ ಹೇಳುವಾಗ ನಾನು ಕಳ್ಳಿಯ ಹಾಗೆ ಯಾಕೆ ದುಡಿಯಲಿ? ಇನ್ನು ಕೆಲವರಿಗೆ ನಾನು ದುಡಿಯುವುದೇ ಬೇಡ. ಹೇಗೂ ದುಡ್ಡು ಬರುತ್ತದಲ್ಲ, ದೇವರ ಧ್ಯಾನ ಮಾಡಿಕೊಂಡಿರು ಎನ್ನುತ್ತಾರೆ. ಉಳಿದವರು ನಾನು ನಾಲ್ಕು ಹೆಜ್ಜೆ ನೆಟ್ಟಗೆ ನಡೆದರೆ ಸಾಕು, ಚೆನ್ನಾಗೇ ಇದ್ದೀರಲ್ಲ ಎಂದು ಕಣ್ಣು ಕಿರಿದು ಮಾಡುತ್ತಾರೆ. ಇವರಿಗೆಲ್ಲ ನಾನು ಪೂರ್ತಿ ಮಲಗಿರಬೇಕು, ಇಲ್ಲವೇ ಪೂರ್ತಿ ಎದ್ದಿರಬೇಕು. ಎರಡರ ನಡುವೆ ಬದುಕಿದರೆ ಅವರ ಲೆಕ್ಕ ತಪ್ಪುತ್ತದೆ. ತಪ್ಪಲಿ ಎಂದುಕೊಂಡು ನಾನು ಬಸ್ ಕಂಪನಿಯ ಕೆಲಸಕ್ಕೆ ಸೇರಿದೆ.

ಹೀಗಿರುವಾಗ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. ಮೈಸೂರಿನವರು, ಮಾತು ಸಕ್ಕರೆ. "ಮೇಡಂ, ಈ ಸಲ ರಾಜ್ಯೋತ್ಸವದಲ್ಲಿ ನಿಮಗೊಂದು ಸನ್ಮಾನ ಇಟ್ಕೊಂಡಿದೀವಿ. ಅಂಥಾ ಕಾಯಿಲೆ ಇಟ್ಕೊಂಡು ಕೆಲಸಕ್ಕೆ ಹೋಗ್ತೀರಲ್ಲ, ಮಕ್ಕಳಿಗೆಲ್ಲ ಇನ್‌ಸ್ಪಿರೇಶನ್ನು." ಸನ್ಮಾನವೆಂದರೆ ನನಗೂ ಆಸೆಯೇ. ಬೇಡ ಬೇಡ ಎಂದು ಎರಡು ಸಲ ಅಂದು, ಮೂರನೆಯ ಸಲ ಅವರು ಕೇಳುವ ಮೊದಲೇ ಒಪ್ಪಿಕೊಂಡೆ. ನನ್ನ ವಿವರಗಳನ್ನು ಅಣ್ಣನ ಹತ್ತಿರ ತೆಗೆದುಕೊಳ್ಳುತ್ತೇವೆ ಎಂದರು. ಅವನೂ ಸಂಘದ ಕಮಿಟಿಯಲ್ಲಿದ್ದ.

ನವೆಂಬರಿನ ಒಂದು ಶನಿವಾರ, ಶಾಲೆಯೊಂದರ ಆಡಿಟೋರಿಯಂ. ಹೊರಗೆ ಮೂಗು ಉದುರುವ ಚಳಿ, ಒಳಗೆ ಹೀಟರು ಜೋರು. ನಾನು ಬುದ್ಧಿಯಿಲ್ಲದೆ ಇಳಕಲ್ ಸೀರೆ ಉಟ್ಟು ಅದರೊಳಗೆ ಚಳಿಗಾಲದ ಥರ್ಮಲ್ ಒಳಉಡುಪು ಹಾಕಿಕೊಂಡಿದ್ದೆ. ಕೋಟು ತೂಗುಹಾಕುವ ಕಡೆ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. ಹುಡುಗಿ ಎಂದರೂ ಮೂವತ್ತು ದಾಟಿರಬೇಕು. ತೋಳಿನ ಮಡಿಕೆಯಲ್ಲಿ ಬ್ಯಾಂಡೇಜು.

"ಅಕ್ಕಾ, ಒಂದು ಕೇಳ್ಲಾ? ನಂಗೆ ಕಿಡ್ನಿ ಹೋಗಿದೆ. ಡಯಾಲಿಸಿಸ್ ಇರೋ ದಿನ ಏನೂ ಆಗಲ್ಲ, ಬೇರೆ ದಿನ ಕೆಲಸ ಮಾಡ್ಬಲ್ಲೆ. ನಾನು, ಅಮ್ಮ ಇಬ್ಬರೇ. ಸರ್ಕಾರದ ಬೆನಿಫಿಟ್ ತಗೊಂಡ್ರೆ ಆಮೇಲೆ ಕೆಲಸ ಮಾಡೋ ಹಾಗೇ ಇಲ್ಲ ಅಂತಾರೆ ಎಲ್ಲರೂ. ಅದಕ್ಕೇ ಅರ್ಜಿ ಹಾಕಿಲ್ಲ. ನೀವು ಹೇಗೆ ಮ್ಯಾನೇಜ್ ಮಾಡ್ತೀರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಕಾರ್ಯದರ್ಶಿ ಓಡಿಬಂದು, ವೇದಿಕೆಗೆ ಬನ್ನಿ, ಲೇಟಾಯ್ತು ಎಂದು ಕರೆದುಕೊಂಡು ಹೋದರು. ಆಮೇಲೆ ಹೇಳುತ್ತೇನೆ ಎಂದು ಅವಳಿಗೆ ಸನ್ನೆ ಮಾಡಿದೆ. ಅವಳು ಹೋಗಿ ಮುಂದಿನ ಸಾಲಿನ ತುದಿಯಲ್ಲಿ ತಾಯಿಯ ಪಕ್ಕ ಕೂತಳು.

ವೇದಿಕೆಯಲ್ಲಿ ಶಾಲು ಹೊದಿಸಿದರು, ಹಾರ ಹಾಕಿದರು. ಒಂದು ಕೈಯಲ್ಲಿ ಕೋಲು ಹಿಡಿದವಳ ಇನ್ನೊಂದು ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ಅದರ ಮೇಲೆ ನೆನಪಿನ ಕಾಣಿಕೆ ಇಟ್ಟು, ಫೋಟೋಗೆ ನಗಿ ಎಂದರು. ದೀಪಗಳೆಲ್ಲ ನನ್ನ ಮುಖಕ್ಕೇ ಹೊಡೆಯುತ್ತಿದ್ದವು. ಮೈ ಕಾವೇರಿತು, ಎಡಗಾಲು ಸಡಿಲವಾಯಿತು, ನಾನು ಕುರ್ಚಿಗೆ ಕುಸಿದೆ. ಕಾರ್ಯದರ್ಶಿ ನನ್ನ ಪರಿಚಯ ಓದತೊಡಗಿದರು. ಧೀಮಂತ ಮಹಿಳೆ, ಛಲಗಾತಿ, ಎಲ್ಲ ಬಂತು. ಕೇಳಲು ಹಿತವಾಗಿಯೇ ಇತ್ತು. ಆಮೇಲೆ ಅವರು ದನಿ ಏರಿಸಿ ಓದಿದರು: "ಸರಕಾರದ ಒಂದೇ ಒಂದು ಡಾಲರನ್ನೂ ಮುಟ್ಟದೆ, ಯಾರ ಹಂಗಿಗೂ ಬೀಳದೆ, ಸ್ವಂತ ದುಡಿಮೆಯಿಂದ ಬದುಕು ಕಟ್ಟಿಕೊಂಡವರು."

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಅಣ್ಣ. ನಾನು ಅವನ ಕಡೆ ನೋಡಿದೆ, ಅವನು ತನ್ನ ಬೂಟು ನೋಡಿಕೊಂಡ. ಆ ಸಾಲು ಬರೆದುಕೊಟ್ಟವರು ಯಾರೆಂದು ಕೇಳುವುದೇನೂ ಉಳಿಯಲಿಲ್ಲ. ಮುಂದಿನ ಸಾಲಿನ ತುದಿಯಲ್ಲಿ ಆ ಹುಡುಗಿಯ ತಾಯಿ ಮಗಳ ಕಿವಿಯಲ್ಲಿ ಏನೋ ಹೇಳಿದರು. ನೋಡು, ಅವರು ಹೇಗೆ ಬದುಕುತ್ತಿದ್ದಾರೆ, ನಿನಗೇನಾಗಿದೆ ಎಂದೇ ಇರಬೇಕು. ಹುಡುಗಿ ತೋಳಿನ ಮೇಲೆ ಸೆರಗು ಎಳೆದುಕೊಂಡಳು.

ಅದನ್ನು ನೋಡಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೊಗಳಿಕೆಯೆಂದು ನನ್ನ ಕೊರಳಿಗೆ ಹಾಕಿದ ಸುಳ್ಳು ಹೋಗಿ ಅವಳ ಕುತ್ತಿಗೆ ಹಿಸುಕುತ್ತಿತ್ತು. ಎರಡು ಮಾತಾಡಿ ಎಂದು ಕಾರ್ಯದರ್ಶಿ ಮೈಕ್ ಕೊಟ್ಟರು.

"ಎಲ್ಲಾರಿಗೂ ನಮಸ್ಕಾರ. ಕುಂತೇ ಮಾತಾಡ್ತೇನಿ, ಕಾಲು ಮಾತು ಕೇಳವಲ್ದು. ಈಗ ಓದಿದ್ರಲ್ಲ, ಅದರಾಗ ಒಂದು ಮಾತು ಸುಳ್ಳೈತಿ. ಸರಕಾರದ ರೊಕ್ಕ ನಾ ತಗೋತೇನಿ. ತಿಂಗಳಾ ತಗೋತೇನಿ. ಕೆಲಸಾನೂ ಮಾಡ್ತೇನಿ. ಎರಡೂ ಕಾಯದೆ ಪ್ರಕಾರನ ಮಾಡ್ತೇನಿ."

ಕಾರ್ಯದರ್ಶಿ ನಗುತ್ತಲೇ ಬಾಗಿ, "ಮೇಡಂ, ಅದೆಲ್ಲ ಸ್ಟೇಜ್ ಮೇಲೆ ಯಾಕೆ, ಮಕ್ಕಳ ಡ್ಯಾನ್ಸ್ ಇದೆ" ಎಂದು ಮೈಕಿಗೆ ಕೈ ಹಾಕಿದರು. ಕೊಟ್ಟುಬಿಟ್ಟೆ. ನನಗೆ ಅದು ಬೇಕಾಗಿಯೂ ಇರಲಿಲ್ಲ.

"ಬೆನಿಫಿಟ್ ತಗೊಂಡರ ದುಡಿಯೂ ಹಂಗಿಲ್ಲ ಅಂತ ಯಾರರೆ ಹೇಳಿದರ ನಂಬಬ್ಯಾಡ್ರಿ" ಎಂದೆ. ಹಿಂದಿನ ಬಾಗಿಲ ಬಳಿ ಸಮೋಸ ಜೋಡಿಸುತ್ತಿದ್ದವರೂ ತಲೆಯೆತ್ತಿದರು. ಮಿತಿಯ ವಿಷಯ ಹೇಳಿದೆ, ಔಷಧಿ ಕಾರ್ಡಿನ ವಿಷಯ ಹೇಳಿದೆ, ಕೆಲಸ ಹೋದರೆ ವಾಪಸು ಬರಬಹುದು ಎಂದೆ. "ಮೈಯಾಗ ಶಕ್ತಿ ಇದ್ದ ದಿನ ದುಡೀತೇನಿ, ಟ್ಯಾಕ್ಸೂ ಕಟ್ತೇನಿ. ಇಲ್ಲದ ದಿನ ತಗೋತೇನಿ. ಇದರಾಗ ನಾಚಿಕೊಳ್ಳೂದು ಏನೈತಿ? ಇದು ಭಿಕ್ಷಾ ಅಲ್ಲ. ನನಗ ಶಾಲು ಹಾಕೂದಿದ್ದರ ಇದಕ್ಕ ಹಾಕ್ರಿ. ಸುಳ್ಳಿಗೆ ಹಾಕಿದ್ದರ ತಗೊಂಡು ಹೋಗ್ರಿ."

ಯಾರೂ ಶಾಲು ತೆಗೆದುಕೊಂಡು ಹೋಗಲಿಲ್ಲ. ಯಾರೂ ಚಪ್ಪಾಳೆಯನ್ನೂ ತಟ್ಟಲಿಲ್ಲ. ಮಕ್ಕಳ ಡ್ಯಾನ್ಸಿನ ಹಾಡು ಹಾಕಿದರು. ನಾನು ಹಣ್ಣಿನ ಬುಟ್ಟಿ ಅಲ್ಲೇ ಬಿಟ್ಟು, ರೇಲಿಂಗ್ ಹಿಡಿದು ಕೆಳಗಿಳಿದೆ.

ಕೋಟಿನ ಹತ್ತಿರ ಅಣ್ಣ ನಿಂತಿದ್ದ. ಮುಖ ಕೆಂಪಾಗಿತ್ತು. "ಎಲ್ಲಾರ ಮುಂದ ನನ್ನ ಮಾನ ತಗದಿ" ಎಂದ.

"ನಿನ್ನ ಮಾನ ನನ್ನ ಬೆನಿಫಿಟ್‌ನಾಗ ಯಾಕ ಇಟ್ಟಿದ್ದಿ?"

"ನಿನ್ನ ಒಳ್ಳೇದಕ್ಕ ಬರದಿದ್ದೆ. ಮಂದಿ ನಿನ್ನ ಹಗರ ಮಾಡಿ ಮಾತಾಡಬಾರದು ಅಂತ."

"ಮೊದಲ ಹಗರ ಮಾಡಿದಾಂವ ನೀನ" ಎಂದೆ. ಅವನ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಆದರೆ ನಾನು ಮಾತು ವಾಪಸು ತೆಗೆದುಕೊಳ್ಳಲಿಲ್ಲ. ಅವನ ಪ್ರೀತಿ ನನಗೆ ಗೊತ್ತು. ಪ್ರೀತಿಯಿಂದ ಹೇಳಿದ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ ಎಂಬುದೂ ಗೊತ್ತು.

ಅಷ್ಟರಲ್ಲಿ ಆ ಹುಡುಗಿ ಬಂದಳು, ಹಿಂದೆ ತಾಯಿ. ಇನ್ನೂ ಕೆಲವರು ಕೋಟು ಹುಡುಕುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದರು.

"ಅಕ್ಕಾ, ಆ ಆಫೀಸು ಎಲ್ಲಿದೆ?"

ನನಗೆ ಸುಸ್ತಾಗಿ ನಾಲಿಗೆ ತೊದಲುತ್ತಿತ್ತು. ಗೋಡೆಗೆ ಒರಗಿ ಉಸಿರು ಎಳೆದುಕೊಳ್ಳುತ್ತಿದ್ದೆ. ಉತ್ತರ ಕೊಟ್ಟವನು ಅಣ್ಣ.

"ಹೈವೇ ಇಳದು ಎರಡನೇ ಸಿಗ್ನಲ್‌ಗೆ ಬಲಕ್ಕ ತಿರಗ್ರಿ. ಮುಂದ ರೋಡಿನ್ಯಾಗ ಗಾಡಿ ನಿಲ್ಲಸಬ್ಯಾಡ್ರಿ, ಟಿಕೆಟ್ ಹಾಕ್ತಾರ. ಹಿಂದಗಡೆ ಪಾರ್ಕಿಂಗ್ ಐತಿ. ಅಲ್ಲೇ ರ‍್ಯಾಂಪ್ ಐತಿ, ಮೆಟ್ಟಲಾ ಹತ್ತೂದು ಬ್ಯಾಡ. ಮುಂಜಾನೆ ಲಗೂನ ಹೋಗ್ರಿ, ಗದ್ದಲ ಇರೂದಿಲ್ಲ."

"ಒಳಗೆ ಹೋಗಿ ಏನಂತ ಹೇಳ್ಬೇಕು ಸರ್?"

ಇಷ್ಟು ವರ್ಷ ಆ ಕಟ್ಟಡದ ಹಿಂದೆ ಟೋಪಿ ಮುಚ್ಚಿಕೊಂಡು ಮಲಗಿದ್ದ ಅಣ್ಣನಿಗೆ ಬಾಗಿಲ ತನಕ ಎಲ್ಲ ಗೊತ್ತಿತ್ತು, ಅದರಾಚೆಗೆ ಏನೂ ಗೊತ್ತಿರಲಿಲ್ಲ. ಸುತ್ತ ನಿಂತವರನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

"ನಾ ಒಂದು ದಿನಾನೂ ಒಳಗ ಹೋಗಿಲ್ರಿ" ಎಂದ. "ತಂಗೀ, ನೀ ಹೇಳು."

ಬೆಂಚಿನ ಮೇಲಿದ್ದ ಯಾರದೋ ಕೋಟುಗಳನ್ನು ಸರಿಸಿ ನನ್ನನ್ನು ಕೂಡಿಸಿದ. ಜಾರುತ್ತಿದ್ದ ಶಾಲನ್ನು ಹೆಗಲಿನಿಂದ ತೆಗೆದು ಮಡಚಿ ತನ್ನ ಕೈಯಲ್ಲಿ ಹಿಡಿದುಕೊಂಡ, ಮೈ ತಣ್ಣಗಾಗಲೆಂದು. ನಾನು ಹೇಳತೊಡಗಿದೆ. ಡಾಕ್ಟರಿಂದ ಏನು ಬರೆಸಿಕೊಳ್ಳಬೇಕು, ಯಾವ ದಿನ ಆಗುವುದಿಲ್ಲವೆಂದು ಹೇಗೆ ಹೇಳಬೇಕು, ಕೆಲಸ ಸಿಕ್ಕ ದಿನವೇ ಹೇಗೆ ತಿಳಿಸಬೇಕು. ದನಿ ತಾನಾಗಿಯೇ ಏರಿತು, ಬಾಗಿಲಲ್ಲಿ ನಿಂತವರೂ ತಿರುಗಿ ನೋಡಿದರು. ಮೆಲ್ಲಕ ಮಾತಾಡು ಎಂದು ಅಣ್ಣ ಹೇಳಲಿಲ್ಲ.