ಮುಲುಂಡಿನ ಪಡುವಣ ಕಿಟಕಿ

ಮುಂಬಯಿಯ ಪರೇಲಿನ ಚಾಳಿನಲ್ಲಿ ನಮ್ಮ ಒಂದೇ ಕೋಣೆಯ ಖೋಲಿಗೆ ಕಿಟಕಿ ಇರಲಿಲ್ಲ. ಗಾಳಿ ಬೇಕೆಂದರೆ ಬಾಗಿಲು ತೆರೆಯಬೇಕು. ತೆರೆದರೆ ಓಡಾಡುವವರೆಲ್ಲ ನಮ್ಮ ಸಾರಿನ ಪಾತ್ರೆಗೆ ಇಣುಕಿ ಹೋಗುತ್ತಿದ್ದರು. ಮದುವೆಯಾಗಿ ವಿಜಾಪುರದಿಂದ ಬಂದು ಆರು ವರ್ಷವಾಗಿದ್ದರೂ ತವರಿನ ಪಡುವಣ ಕಿಟಕಿಯ ಹಂಬಲ ನನ್ನನ್ನು ಬಿಟ್ಟಿರಲಿಲ್ಲ. ಸುಡುವ ಹಗಲು ಕಳೆದು ಸಂಜೆ ಅಲ್ಲಿ ಕೂತರೆ ಜೀವ ಮರಳಿ ಬಂದಂತಾಗುತ್ತಿತ್ತು.

ಐವತ್ತರ ದಶಕದ ಒಂದು ಮೇ ತಿಂಗಳಲ್ಲಿ ಬಿರುಗಾಳಿ ಎದ್ದು ಮುಲುಂಡಿನ ಗುಡ್ಡದ ಬುಡದ ಗುಡಿಸಲುಗಳನ್ನೆಲ್ಲ ಕೆಡವಿತು. ಮಳೆಗಾಲಕ್ಕೆ ಮುಂಚೆ ಅವನ್ನು ಎಬ್ಬಿಸಿ ನಿಲ್ಲಿಸಬೇಕೆಂದು ನಮ್ಮ ಚಾಳಿನ ಹತ್ತು ಹನ್ನೆರಡು ಜನ ಭಾನುವಾರಗಳಂದು ಲೋಕಲ್ ರೈಲು ಹಿಡಿದು ಹೋಗತೊಡಗಿದೆವು. ಗಂಡಸರು ಕಂಬ ನೆಟ್ಟು ಬಿದಿರಿನ ತಟ್ಟಿ ಕಟ್ಟಿ ಹುಲ್ಲು ಹೊದಿಸುತ್ತಿದ್ದರು. ನಾವು ಹೆಂಗಸರು ತಟ್ಟಿಗೆ ಮಣ್ಣು, ಸಗಣಿ ಕಲಸಿ ಮೆತ್ತುತ್ತಿದ್ದೆವು.

ನಮ್ಮ ಪಾಲಿಗೆ ಬಂದದ್ದು ಕಲ್ಲು ಒಡೆಯುವ ಒಬ್ಬ ಮರಾಠಿ ಹೆಂಗಸಿನ ಮನೆ. ಗಂಡನಿಲ್ಲ, ಕಂಕುಳಲ್ಲಿ ಕೂಸು. ತಟ್ಟಿ ಕಟ್ಟುತ್ತಿದ್ದ ನನ್ನ ಗಂಡನಿಗೆ, "ರೀ, ಪಡುವಣ ಗ್ವಾಡಿಗೆ ಒಂದು ಕಿಡಕಿ ಬಿಡ್ರಿ" ಎಂದೆ.

"ಯಾರ ಮನಿ ಕಟ್ಟಾಕ ಬಂದೀ ನೀ?" ಎಂದು ನಕ್ಕರು. ಆದರೂ ಬಿಟ್ಟರು.

ಆ ಹೆಂಗಸು ಏನೋ ಹೇಳಲು ಬಾಯಿ ತೆರೆದಳು. "ಗಾಳಿ ಬರುತ್ತದೆ, ಸುಮ್ಮನಿರು" ಎಂದು ನನ್ನ ಹರಕುಮುರುಕು ಮರಾಠಿಯಲ್ಲಿ ಗದರಿದೆ. ಪುಕ್ಕಟೆ ದುಡಿಯಲು ಬಂದವರಿಗೆ ಎದುರಾಡುವುದು ಹೇಗೆಂದು ಸುಮ್ಮನಾದಳೇನೋ. ಕಿಟಕಿಯ ಅಂಚನ್ನು ನಾನೇ ಬೆರಳಿನಿಂದ ತೀಡಿ ನುಣುಪು ಮಾಡಿದೆ. ಇಡೀ ವಾರ ಖೋಲಿಯಲ್ಲಿ ರೊಟ್ಟಿ ಬಡಿಯುವಾಗಲೂ ಮನಸ್ಸು ಅದರ ಮುಂದೆಯೇ ಕೂತಿತ್ತು.

ಆ ವಾರವೇ ಮೊದಲ ಮಳೆ ಬಿತ್ತು. ಈ ಊರಲ್ಲಿ ಮಳೆ ಪಡುವಣದಿಂದಲೇ ಹೊಡೆಯುತ್ತದೆಂಬುದು ಬಯಲುಸೀಮೆಯ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಭಾನುವಾರ ಹೋದಾಗ ಮನೆಯೊಳಗಿನ ನೆಲ ಕೆಸರಾಗಿತ್ತು, ಕೂಸು ಕೆಮ್ಮುತ್ತಿತ್ತು. ಆಕೆ ತನ್ನ ಇನ್ನೊಂದು ಸೀರೆಯನ್ನು ಕಿಟಕಿಗೆ ತುರುಕಿದ್ದಳು.

ಬೈದಿದ್ದರೆ ಚೆನ್ನಾಗಿತ್ತು. "ನೀವು ಅಷ್ಟು ಪ್ರೀತಿಯಿಂದ ಮಾಡಿದ್ದಿರಿ ಅಕ್ಕಾ, ಮಣ್ಣು ಮೆತ್ತಿ ಮುಚ್ಚಲು ಮನಸ್ಸು ಬರಲಿಲ್ಲ" ಎಂದಳು. ನಾಚಿಕೆಯಿಂದ ಭೂಮಿಗಿಳಿದು ಹೋದೆ.

ತಟ್ಟಿಯ ತುಂಡು ತರಿಸಿ, ಮಣ್ಣು ಕಲಸಿ ನಾನೇ ಮುಚ್ಚಲು ನಿಂತೆ. ಸೀರೆ ಎಳೆದಾಗ ಒಂದು ಗಳಿಗೆ ಕಿಟಕಿಗೆ ಮುಖವೊಡ್ಡಿದೆ. ಗಾಳಿ ಚೆನ್ನಾಗಿಯೇ ಬರುತ್ತಿತ್ತು. ಅಳು ತಡೆಯಲಾಗಲಿಲ್ಲ. ಆಕೆ ಕೂಸನ್ನು ಬದಿಗೆ ಮಲಗಿಸಿ ನನ್ನ ಜೊತೆ ಮೆತ್ತತೊಡಗಿದಳು.

ಆಮೇಲೆ ಎಷ್ಟೋ ಖೋಲಿ ಬದಲಿಸಿದೆವು. ಮುಂಬಯಿಯಲ್ಲಿ ನಾನು ಬೇಕೆಂದು ಕೇಳಿ ಇಡಿಸಿದ ಕಿಟಕಿ ಅದೊಂದೇ, ಅದೂ ಬೇರೆಯವರ ಮನೆಗೆ.