ಸಜ್ಜಾದ ಮೇಲಿನ ಬಿಸಿಲು

ರಸ್ತೆಯಲ್ಲಿ ನಡೆಯುವವರು ಕೆಳಗೆ ನೋಡಿಕೊಂಡು ನಡೆಯಬೇಕು. ಯಶವಂತಪುರದಲ್ಲಂತೂ ಇದು ಬರೀ ಬುದ್ಧಿಮಾತಲ್ಲ. ಚರಂಡಿ ಮುಚ್ಚಿದ ಕಲ್ಲುಚಪ್ಪಡಿಗಳಲ್ಲಿ ಯಾವುದು ಗಟ್ಟಿ, ಯಾವುದು ಅಲುಗಾಡುತ್ತದೆ ಎಂಬುದು ಅಲ್ಲೇ ಹುಟ್ಟಿ ಬೆಳೆದವರಿಗೂ ಗೊತ್ತಿರುವುದಿಲ್ಲ. ನಾನು ಮಾತ್ರ ಈಚೆಗೆ ಮೇಲೆ ನೋಡಿಕೊಂಡು ನಡೆಯುತ್ತೇನೆ. ಮೊದಲ ಮಹಡಿಗಳ ಕಡೆ, ಕಿಟಕಿಗಳ ನೆತ್ತಿಯ ಸಜ್ಜಾಗಳ ಕಡೆ. ಹೀಗೆ ನಡೆದು ಎಷ್ಟೋ ಸಲ ಎಡವಿದ್ದೇನೆ. ಒಮ್ಮೆ ಮಾರ್ಕೆಟ್ಟಿನಿಂದ ಬರುತ್ತಿದ್ದ ಈರುಳ್ಳಿ ಗಾಡಿಗೇ ಹೋಗಿ ಹಾಯ್ದೆ. ಗಾಡಿಯವನು, "ಮೇಲೇನ್ ನೋಡ್ತೀರಮ್ಮ, ವಿಮಾನ ಬಂತಾ?" ಎಂದ. ವಿಮಾನವಾದರೆ ನನಗೆ ಹೆದರಿಕೆಯಿಲ್ಲ. ಅದರೊಳಗೆ ಹಾರಿಸಲು ಕಲಿತವರು ಕೂತಿರುತ್ತಾರೆ.

ಇದಕ್ಕೆಲ್ಲ ಕಾರಣ ಒಂದು ಕುಂಡದ ಗಿಡ. ನಮ್ಮ ಮದುವೆಗೆ ಯಾರೋ ಕೊಟ್ಟದ್ದು. ಅಗಲವಾದ ಹಸಿರು ಎಲೆ, ಅಂಚಿನಿಂದ ಒಳಗಿನವರೆಗೆ ಯಾರೋ ಬೆರಳಿನಿಂದ ಸೀಳಿದ ಹಾಗೆ. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿದವಳಾದ್ದರಿಂದ ಅದರ ಲ್ಯಾಟಿನ್ ಹೆಸರು ನನಗೆ ಬರುತ್ತದೆ. ಮನೆಯಲ್ಲಿ ಎಲ್ಲರೂ ಅದನ್ನು ಹರಕು ಎಲೆಯದೆಂದು ‘ಹರಕೆಲಿ’ ಎನ್ನುತ್ತಿದ್ದರು, ನಾನೂ ಹಾಗೇ ಎಂದೆ. ಸದಾ ಮಳೆ ಸುರಿಯುವ ಕಾಡಿನಲ್ಲಿ, ದೊಡ್ಡ ಮರಗಳ ಕೆಳಗೆ, ಎಲೆಗಳ ಜರಡಿಯಲ್ಲಿ ಸೋಸಿ ಬಂದ ಬೆಳಕು ಕುಡಿದು ಬೆಳೆಯುವ ಜಾತಿ ಅದು. ಬಿಸಿಲು ನೇರ ಬಿದ್ದರೆ ಸುಟ್ಟುಕೊಳ್ಳುತ್ತದೆ. ಬೆಳಕು ಕಡಿಮೆಯಾದರೆ ಕತ್ತು ಚಾಚುತ್ತದೆ. ಇಂಥದ್ದನ್ನು ತಂದು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇಡುವುದೆಂದರೆ, ಮಹಾರಾಣಿಯನ್ನು ತಂದು ಸೀಮೆಎಣ್ಣೆ ಕ್ಯೂನಲ್ಲಿ ನಿಲ್ಲಿಸಿದ ಹಾಗೆ.

ಗಿಡದ ಉಸ್ತುವಾರಿ ನನ್ನ ಮಾವನವರದು. ಗದಗಿನ ಕಡೆ ಪೋಸ್ಟ್ ಮಾಸ್ತರರಾಗಿದ್ದು ನಿವೃತ್ತರಾದ ಮೇಲೆ ನಮ್ಮ ಜೊತೆ ಬಂದು ನಿಂತವರು. ಗಂಡನಿಗೆ ಕಾರ್ಖಾನೆಯ ಪಾಳಿ, ನನಗೆ ಆಫೀಸಿನ ಟೈಪ್‌ರೈಟರು; ಹಗಲೆಲ್ಲ ಮನೆಯಲ್ಲಿರುತ್ತಿದ್ದವರು ಅವರು ಮತ್ತು ಹರಕೆಲಿ ಇಬ್ಬರೇ. ಇಬ್ಬರೂ ಮಾತು ಕಡಿಮೆ. ನಮ್ಮ ಮನೆತನದಲ್ಲಿ ಸೊಸೆ ಮಾವನನ್ನು ನೇರವಾಗಿ ಮಾತನಾಡಿಸುವ ರೂಢಿಯೂ ಇರಲಿಲ್ಲ. "ಚಾ ಆಗೇದ್ರಿ" ಎಂದು ಬಾಗಿಲಿಗೆ ಹೇಳಬೇಕು. ಬಾಗಿಲು ಅದನ್ನು ಅವರಿಗೆ ತಲುಪಿಸುತ್ತದೆ. ಅವರು "ಹೂಂ, ಬಂದೆ" ಎಂದು ಗೋಡೆಗೆ ಹೇಳುತ್ತಾರೆ. ಹೀಗೆ ನಮ್ಮ ಮನೆಯ ಮರ, ಇಟ್ಟಿಗೆಗಳೆಲ್ಲ ಬಹಳ ಮಾತುಗಾರರಾಗಿದ್ದವು.

ಚಳಿಗಾಲದಲ್ಲಿ ಗಿಡ ರಸ್ತೆ ಕಡೆಯ ಬಾಲ್ಕನಿಯಲ್ಲಿರುತ್ತಿತ್ತು. ಬಾಲ್ಕನಿ ದಕ್ಷಿಣಕ್ಕೆ, ಆ ತಿಂಗಳುಗಳಲ್ಲಿ ಸೂರ್ಯನೂ ದಕ್ಷಿಣಕ್ಕೆ ವಾಲಿಕೊಂಡು ನಡೆಯುವುದರಿಂದ ಬೆಳಕು ಮೆಲ್ಲಗೆ ಓರೆಯಾಗಿ ಒಳಗೆ ಬರುತ್ತಿತ್ತು. ಗಿಡ ಖುಷಿಯಾಗಿತ್ತು. ಸಂಕ್ರಾಂತಿ ಬಂತು. ಕುಸುರೆಳ್ಳು ಹಂಚಿ ಬರುವಷ್ಟರಲ್ಲಿ ಮಾವನವರು ಗಿಡವನ್ನು ಹಿಂದುಗಡೆ, ಉತ್ತರದ ಅಡುಗೆಮನೆ ಕಿಟಕಿಗೆ ಸಾಗಿಸಿದ್ದರು. ಮಗನಿಗೆ ಕಾರಣ ಹೇಳಿದರು: "ಉತ್ತರಾಯಣ ಹತ್ತಿತಲ್ಲೋ. ಸೂರ್ಯ ಉತ್ತರಕ್ಕ ಹೊಂಟಾನ, ಗಿಡಾನೂ ಉತ್ತರಕ್ಕ ಹೋಗಬೇಕು."

ಪಂಚಾಂಗದ ಪ್ರಕಾರ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಹೊರಡುವುದು ಬೇರೆ, ತಲುಪುವುದು ಬೇರೆ. ಸೂರ್ಯ ಅಂದು ಉತ್ತರಕ್ಕೆ ಮುಖ ತಿರುಗಿಸುತ್ತಾನೆ, ಅಷ್ಟೆ. ನಮ್ಮ ಊರಿನ ನೆತ್ತಿಗೆ ಬರಲು ಯುಗಾದಿ ಕಳೆದು ಇನ್ನೂ ಸ್ವಲ್ಪ ದಿನ ಬೇಕು. ಅಲ್ಲಿಯವರೆಗೆ ಉತ್ತರದ ಕಿಟಕಿಗೆ ಸಿಗುವುದು ಪಕ್ಕದ ಮನೆಯ ಗೋಡೆಯ ದರ್ಶನ. ಈ ಖಗೋಳವನ್ನೆಲ್ಲ ಬಾಗಿಲಿಗೆ ವಿವರಿಸುವುದು ಹೇಗೆ? ಅದು ಚಹಾದ ಸುದ್ದಿಯನ್ನಷ್ಟೇ ಸಾಗಿಸಿ ರೂಢಿಯಿದ್ದ ಬಾಗಿಲು.

ಯುಗಾದಿಯ ಹೊತ್ತಿಗೆ ಗಿಡದ ದಂಟುಗಳು ಉದ್ದುದ್ದ, ತೆಳ್ಳಗೆ. ಮಾವನವರು ಗಾಬರಿಯಾಗಿ ಮತ್ತೆ ಬಾಲ್ಕನಿಗೆ ತಂದರು. ಆದರೆ ಈಗ ಸೂರ್ಯ ನೆತ್ತಿಯ ಹತ್ತಿರ ಬಂದುಬಿಟ್ಟಿದ್ದ. ಬಾಲ್ಕನಿಯ ಸೂರು ಬೆಳಕನ್ನು ಒಳಗೆ ಬಿಡಲಿಲ್ಲ. ಒಂದು ಮೊಳ ಆಚೆ, ಕೆಳಮನೆಯ ಕಿಟಕಿಗಳ ಮೇಲೆ ಗೋಡೆಯುದ್ದಕ್ಕೂ ಓಡಿದ ಸಜ್ಜಾದ ಮೇಲೆ ಬಿಸಿಲೋ ಬಿಸಿಲು. ಒಂದು ದಿನ ನೋಡುತ್ತೇನೆ, ಕುಂಡ ಸಜ್ಜಾದ ಮೇಲಿದೆ. ಬಾಲ್ಕನಿಯಿಂದ ಕೈ ಚಾಚಿ ಇಟ್ಟಿರಬೇಕು ಎಂದುಕೊಂಡೆ. ಹಾಗೆಂದು ನಂಬುವುದು ಸುಲಭವಾಗಿತ್ತು.

ಅದಾಗಿ ಕೆಲವೇ ದಿನ. ಸಂಜೆ ಬಸ್ಸಿಳಿದು ಬರುತ್ತಿದ್ದೆ. ಆಕಾಶ ರೊಟ್ಟಿ ಹಂಚಿನ ಹಾಗೆ ಕಪ್ಪಾಗಿ, ಬೇಸಿಗೆ ಮಳೆಗೆ ಮೊದಲು ಏಳುವ ಆ ಗಾಳಿ ಎದ್ದಿತ್ತು. ಕಣ್ಣಿಗೆ ಧೂಳು. ಗೇಟಿನಲ್ಲಿ ಮನೆ ಓನರ್ ರತ್ನಮ್ಮ ಒಣಗಿದ ಬಟ್ಟೆಗಳನ್ನು ಎದೆಗವಚಿಕೊಂಡು ಮೇಲೆ ನೋಡುತ್ತ ನಿಂತಿದ್ದರು.

"ಏನ್ರೀ ಅದು, ನಿಮ್ ಮಾವ ಅಲ್ವಾ?" ಎಂದರು. "ಆ ಸಜ್ಜಾ ಮೇಲೆ ಬೆಕ್ಕು ಓಡಾಡಿದ್ರೇ ಸಿಮೆಂಟು ಉದುರತ್ತೆ ಕಣ್ರೀ."

ನಾನು ನೋಡಿದೆ. ಈಗಲೂ ನೋಡುತ್ತಿದ್ದೇನೆ. ಟೈಪ್ ಮಾಡುವಾಗ ಸಾಲಿನ ಕೊನೆಯ ಗಂಟೆ ಹೊಡೆದರೆ ನೋಡುತ್ತೇನೆ, ಅನ್ನ ಬಸಿಯುವಾಗ ನೋಡುತ್ತೇನೆ. ಮಾವನವರು ಬಾಲ್ಕನಿ ದಾಟಿ ಆಚೆ ಹೋಗಿದ್ದಾರೆ. ಬರಿಗಾಲು. ಒಂದು ಕೈ ಕಿಟಕಿಯ ಸರಳಿನ ಮೇಲೆ, ಇನ್ನೊಂದು ಕುಂಡದ ಅಂಚಿನ ಮೇಲೆ. ಧೋತರ ಗಾಳಿಗೆ ಉಬ್ಬಿ, ಅವರನ್ನು ಹಿಂದಿನಿಂದ ಯಾರೋ ಜಗ್ಗುತ್ತಿರುವ ಹಾಗೆ. ಮೊದಲ ಹನಿಗಳು ಬಿದ್ದವು. ಕೆಳಗೆ ಮೆತ್ತಗಿನದು ಏನೂ ಇಲ್ಲ, ಚಪ್ಪಡಿ ಕಲ್ಲು.

ರತ್ನಮ್ಮ ಕೂಗಲು ಬಾಯಿ ತೆರೆದರು. ನಾನು ಅವರ ಕೈ ಹಿಡಿದು ಅದುಮಿದೆ. ಕೂಗಿದರೆ ಮಾವನವರು ಬೆಚ್ಚಿ ಕೆಳಗೆ ನೋಡುತ್ತಾರೆ. ಕೆಳಗೆ ಸೊಸೆ ನಿಂತಿರುವುದನ್ನು ಕಂಡರೆ ಮೊದಲು ಧೋತರ ಸರಿಮಾಡಿಕೊಳ್ಳುತ್ತಾರೆ. ಅದಕ್ಕೆ ಎರಡೂ ಕೈ ಬೇಕು. ಇದೆಲ್ಲ ನನಗೆ ಒಂದೇ ಏಟಿಗೆ ಹೊಳೆಯಿತು. ಸುಮ್ಮನಿರೋಣವೆಂದರೆ, ಅವರು ಕುಂಡ ಎತ್ತಲು ಸರಳಿನ ಕೈಯನ್ನೂ ಬಿಡುತ್ತಿದ್ದರು.

ಆಗ ನನ್ನ ಬಾಯಿಂದ ದಿನದ ಅದೇ ದನಿ ಬಂತು. ಬಾಗಿಲಿಗೆ ಹೇಳುವ ದನಿ, ಆದರೆ ರಸ್ತೆಯಿಂದ.

"ಚಾ ಆಗೇದ್ರಿ."

"ಹೂಂ, ಬಂದೆ" ಎಂದರು ಅವರು, ಎದುರಿಗಿದ್ದ ಗೋಡೆಗೆ.

ಅಷ್ಟೆ. ಕುಂಡ ಬಿಟ್ಟರು. ಸರಳಿನಿಂದ ಸರಳಿಗೆ ಕೈ ಬದಲಿಸುತ್ತ, ಅಡ್ಡ ಹೆಜ್ಜೆ ಹಾಕುತ್ತ ಬಾಲ್ಕನಿ ತಲುಪಿದರು, ಕಾಲೆತ್ತಿ ಒಳಗಿಟ್ಟರು. ಕಣ್ಣಿಗೆ ಕಾಣದಾದರು. ಆಮೇಲೆ ಗಾಳಿಯ ಇನ್ನೊಂದು ಬೀಸು ಬಂದು ಕುಂಡ ವಾಲಿ, ನಿಧಾನವಾಗಿ ತಿರುಗಿ, ನಮ್ಮ ಮುಂದೆಯೇ ಚಪ್ಪಡಿಯ ಮೇಲೆ ಬಿತ್ತು. ಮಣ್ಣಿನ ಕುಂಡ ಒಡೆದಾಗ ಅಂಥ ದೊಡ್ಡ ಸದ್ದೇನೂ ಬರುವುದಿಲ್ಲ. ಅದೇ ನನ್ನನ್ನು ಇವತ್ತಿಗೂ ಕಾಡುವುದು, ಸದ್ದು ಎಷ್ಟು ಚಿಕ್ಕದಾಗಿತ್ತು ಎನ್ನುವುದು.

ಮೆಟ್ಟಿಲು ಹತ್ತಿ ಹೋದಾಗ ಮಾವನವರು ಕುರ್ಚಿಯ ಮೇಲೆ ಕೂತಿದ್ದರು. ಅಂಗೈಯಲ್ಲಿ ಸರಳಿನ ತುಕ್ಕು. "ಎಲ್ಲೇದ ಚಾ?" ಎಂದು ಗೋಡೆಯನ್ನು ಕೇಳಿದರು. ನಾನು ಒಲೆ ಹಚ್ಚಿದೆ. ಬೆಂಕಿಕಡ್ಡಿಗಳು ಒಂದರ ಹಿಂದೊಂದು ಮುರಿದವು.

ಪಾಳಿ ಮುಗಿಸಿ ಬಂದ ಗಂಡ ಎಲ್ಲ ಕೇಳಿ, ಒಡೆದ ಕುಂಡದ ಗಿಡವನ್ನು ಎಣ್ಣೆಯ ತಗಡಿನ ಡಬ್ಬದಲ್ಲಿ ನೆಟ್ಟ. ನಾನು ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿದೆ. ಡಬ್ಬವನ್ನು ಒಳಗೆ, ಕಪಾಟಿನ ಪಕ್ಕ, ಎಲ್ಲಿಂದಲೂ ಬೀಳಲು ಸಾಧ್ಯವಿಲ್ಲದ ಜಾಗದಲ್ಲಿಟ್ಟೆ. ಮಾವನವರೂ ಅದರ ಹತ್ತಿರವೇ ಕುರ್ಚಿ ಎಳೆದುಕೊಂಡರು. ಆಫೀಸಿನಿಂದ ಬಂದು ಇಬ್ಬರನ್ನೂ ಇಟ್ಟ ಜಾಗದಲ್ಲೇ ಕಂಡರೆ ನನಗೆ ನಿದ್ದೆ ಬರುವಷ್ಟು ಸಮಾಧಾನ.

ಮಳೆಗಾಲ ಹಿಡಿಯಿತು. ಗಿಡ ಹೊಸ ಎಲೆ ಬಿಟ್ಟಿತು. ಚಿಕ್ಕದು, ತಿಳಿ ಹಸಿರು, ಒಂದು ಸೀಳೂ ಇಲ್ಲದೆ ದುಂಡಗೆ. ರತ್ನಮ್ಮ ಬಂದು ನೋಡಿ, "ಪರವಾಗಿಲ್ವೇ, ಹರಿದಿರೋದೆಲ್ಲ ವಾಸಿಯಾಯ್ತು" ಎಂದರು. ಮಾವನವರ ಮುಖವೂ ಅರಳಿತು. ನನಗೆ ಮಾತ್ರ ಓದಿದ್ದು ನೆನಪಾಯಿತು: ಬೆಳಕು ಸಾಲದಾಗ ಈ ಗಿಡ ಎಲೆ ಸೀಳಿಕೊಳ್ಳುವ ಗೋಜಿಗೇ ಹೋಗುವುದಿಲ್ಲ. ಸೀಳುವುದು ಅದರ ಆರೋಗ್ಯ. ಆ ದುಂಡು ಎಲೆಯನ್ನು ನೋಡುತ್ತ, ಅದರಾಚೆ ಹಗಲಿನಲ್ಲೇ ಬಲ್ಬು ಹಾಕಿಕೊಂಡು ಪಂಚಾಂಗ ಓದುತ್ತಿದ್ದ ಮಾವನವರನ್ನು ನೋಡಿದೆ. ಅವರೂ ಬಿಳಿಚಿಕೊಂಡಿದ್ದರು. ಬೀದಿ ನೋಡಿ ಎಷ್ಟು ದಿನವಾಗಿತ್ತೋ. ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲಿತ್ತು. ಬೀಳಬಾರದು ಎಂಬ ಒಂದೇ ಆಸೆಗೆ ನಾನು ಇಬ್ಬರನ್ನೂ ಕಪಾಟಿನ ಪಕ್ಕ ಜೋಡಿಸಿಟ್ಟುಬಿಟ್ಟಿದ್ದೆ.

"ಮಾವಾರ," ಎಂದೆ. ಬಾಗಿಲಿಗಲ್ಲ, ಅವರಿಗೇ. ಅವರು ಪಂಚಾಂಗ ಇಳಿಸಿ ನನ್ನ ಮುಖ ನೋಡಿದರು. "ಇಲ್ಲಿ ಬೆಳಕು ಸಾಲವಲ್ದು. ತಾರಸಿ ಮ್ಯಾಲೆ ನೀರಿನ ತೊಟ್ಟಿ ನೆರಳಿನಾಗ ಇಡೂಣ. ಮೋಡ ಅದ, ಸುಡೂದಿಲ್ಲ."

ಅವರು ಪಂಚಾಂಗ ಮಡಚಿಟ್ಟರು. "ಒಬ್ಬಾಕಿ ಕಡೆ ಆಗೂದಿಲ್ಲ ಅದು" ಎಂದು ಎದ್ದರು.

ನಮ್ಮ ತಾರಸಿಯ ಮೆಟ್ಟಿಲು ಮನೆಯ ಹೊರಗೋಡೆಗೆ ಅಂಟಿಕೊಂಡದ್ದು. ಇಕ್ಕಟ್ಟು, ಹಿಡಿದುಕೊಳ್ಳಲು ಕಂಬಿಯಿಲ್ಲ, ಮಳೆಗೆ ಪಾಚಿ ಬೇರೆ. "ನೀವು ಮುಂದ ನಡೀರಿ" ಎಂದರೆ ಕೇಳಲಿಲ್ಲ; ಭಾರ ಕೆಳಗಿನವರ ಮೇಲೆ ಬೀಳುತ್ತದೆಂದು ತಾವೇ ಕೆಳಗೆ ನಿಂತರು. ಡಬ್ಬದ ಒಂದು ಅಂಚು ನನಗೆ, ಒಂದು ಅವರಿಗೆ. ನಡುವೆ ಹರಕೆಲಿ ಅಲ್ಲಾಡುತ್ತಿತ್ತು. ಅರ್ಧ ದಾರಿಯಲ್ಲಿ ನಾನು ನಿಂತುಬಿಟ್ಟೆ. ಅವರಿಗೆ ತಿಳಿಯಿತು.

"ಅಂಜಬ್ಯಾಡವಾ," ಎಂದರು. "ನಾ ಹಿಂದ ಅದೀನಿ."

ನನ್ನ ಅಂಜಿಕೆಯೇ ಅದು ಎಂದು ಹೇಳುವುದು ಹೇಗೆ? ಇನ್ನೊಂದು ಮೆಟ್ಟಿಲು ಹತ್ತಿದೆ.